ಕಾಯಕವೂ ಕಸಬರಿಗೆಯೂ

ಶರಣಧರ್ಮದಲ್ಲಿ ಕಾಯಕಕ್ಕೆ ಮೇಲು ಕೀಳಿಲ್ಲವೆಂಬುದನ್ನು ಅರಿಯದ ಲಿಂಗವಂತನು ವಿರಳ. ಮಗುವು ಅಕ್ಷರ ಕಲಿಯುವ ಮುನ್ನವೇ ಈ ಮಾತನ್ನು ಕೇಳಿರುತ್ತದೆ. ಆದರೆ ಬಹುಕಾಲ ಕೈಯಿಂದ ಕೈಗೆ ಸಂದ ನಾಣ್ಯದ ಮುದ್ರೆ ಸವೆಯುವಂತೆ, ಬಹುವಾಗಿ ಆಡಿದ ಮಾತಿನ ಅರ್ಥವೂ ಸವೆಯುವುದುಂಟು. ಕಾಯಕವೆಲ್ಲವೂ ಸಮಾನವಾದರೆ ಬೀದಿಯ ಕಸವನ್ನೂ ಊರಿನ ಹೊಲಸನ್ನೂ ತೆಗೆಯುವವನ ದುಡಿಮೆಯೂ ಕಾಯಕವೇ ಅಲ್ಲವೆ? ಅಹುದೆಂದಾದರೆ, ಅವನು ಅದರಲ್ಲಿಯೇ ತೃಪ್ತನಾಗಿರಲಿ ಎಂದು ಉಳಿದವರು ಹೇಳುವುದು ಶರಣರಿಗೆ ಒಪ್ಪುವ ಮಾತೆ? ಪ್ರಶ್ನೆಯು ತೋರುವಷ್ಟು ಸುಲಭವಾದುದಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ ಮೊದಲಾದವರು ಕಸಬಿನ ಹೆಸರನ್ನೇ ತಮ್ಮ ಹೆಸರಿನೊಡನೆ ಧರಿಸಿದರು. ಕಸ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡ ಸತ್ಯಕ್ಕನು ಶಂಭುಜಕ್ಕೇಶ್ವರನ ಅಂಕಿತದಲ್ಲಿ ವಚನಗಳನ್ನು ನುಡಿದಳು. ಇಲ್ಲಿ ಗಮನಿಸತಕ್ಕ ಸಂಗತಿ ಒಂದುಂಟು. ಆಕೆಯ ಕೈಯಲ್ಲಿದ್ದ ಪೊರಕೆಯು ಆಕೆಯ ಬಾಯನ್ನು ಮುಚ್ಚಲಿಲ್ಲ. ಹಿರಿಯ ಶರಣರ ಮಾತಿನೊಡನೆ ಆಕೆಯ ಮಾತೂ ಉಳಿದು ಬಂದಿದೆ. ಹಲವರು ಹುಟ್ಟಿನಿಂದ ಬಂದ ಕಸಬನ್ನೇ ಮುಂದುವರಿಸಿದರೆಂಬುದು ದಿಟ. ಆದರೆ ಆ ಕಸಬು ಅವರಿಗೆ ಪಂಕ್ತಿಯಲ್ಲಿ, ಗೋಷ್ಠಿಯಲ್ಲಿ, ಕೊನೆಗೆ ಕೊಟ್ಟು ತರುವ ನಂಟಿನಲ್ಲಿಯೂ ಅಡ್ಡಗೋಡೆಯಾಗಬಾರದೆಂಬುದೇ ಆ ಕಾಲದ ಹೊಸತು. ಮಧುವರಸನ ಮಗಳಿಗೂ ಹರಳಯ್ಯನ ಮಗನಿಗೂ ನಡೆದ ವಿವಾಹಕ್ಕಾಗಿ ಇಬ್ಬರು ತಂದೆಯರೂ ಪ್ರಾಣ ತೆತ್ತರೆಂಬ ಐತಿಹ್ಯವನ್ನು ಭಕ್ತರು ಕಣ್ಣೀರಿನಿಂದ ಕೇಳುತ್ತಾರೆ. ಕೇಳಿದವರೇ ಮನೆಗೆ ಮರಳಿ, ವರನು ಯಾವ ಒಳಪಂಗಡದವನೆಂದು ಮೊದಲು ವಿಚಾರಿಸುತ್ತಾರೆ.

ಕೆಲವರು ಒಂದು ಆಕ್ಷೇಪವನ್ನು ಎತ್ತುವುದುಂಟು. ಕಲ್ಯಾಣದಲ್ಲಿ ಸಮಾನತೆ ಸಂದುದು ಲಿಂಗಧಾರಿಗಳಿಗೆ. ಲಿಂಗವಿಲ್ಲದ ನಗರಸಭೆಯ ಜಾಡಮಾಲಿಗೆ ಅದನ್ನು ಸಲ್ಲಿಸುವ ಕಟ್ಟಳೆ ಎಲ್ಲಿದೆ, ಎಂಬುದು ಅವರ ವಾದ. ಈ ವಾದವು ಚತುರವಾದುದು, ಆದರೆ ನಿಲ್ಲಲಾರದು. ದೀಕ್ಷೆಗೆ ಮೊದಲು ಹರಳಯ್ಯನ ಕೊರಳಲ್ಲಿಯೂ ಲಿಂಗವಿರಲಿಲ್ಲ. ಲಿಂಗವಿಲ್ಲದವರನ್ನೆಲ್ಲ ಹೊಸ್ತಿಲಾಚೆ ನಿಲ್ಲಿಸಿದ್ದರೆ ಮಹಾಮನೆಗೆ ಬರುತ್ತಿದ್ದವರಾರು? ಮೇಲಾಗಿ ದಯೆಯನ್ನು ಬಸವಣ್ಣನವರು ಲಿಂಗಧಾರಿಗಳಿಗೆಂದು ಅಳೆದು ಕೊಟ್ಟವರಲ್ಲ.

ಅಸ್ಪೃಶ್ಯತೆಯನ್ನು 1950ರ ಸಂವಿಧಾನವು ತೊಡೆದುಹಾಕಿತು. ಕೈಯಿಂದ ಮಲ ಬಾಚಿಸುವುದನ್ನು 1993ರಲ್ಲಿ ಒಮ್ಮೆ, 2013ರಲ್ಲಿ ಮತ್ತೊಮ್ಮೆ ಕಾಯಿದೆಗಳು ನಿಷೇಧಿಸಿದವು. ಒಂದೇ ಪಾಪಕ್ಕೆ ಎರಡು ಕಾಯಿದೆ ಬೇಕಾದುದೇ ಸಾಕಷ್ಟು ಹೇಳುತ್ತದೆ. ಶರಣರ ನೆಲವೆನಿಸಿದ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, 2010ರಲ್ಲಿ, ತಮ್ಮ ವಾಸಸ್ಥಾನದಿಂದ ಎಬ್ಬಿಸುವುದನ್ನು ವಿರೋಧಿಸಿ ಭಂಗಿ ಸಮುದಾಯದವರು ಸಾರ್ವಜನಿಕರೆದುರು ಮೈಮೇಲೆ ಮಲವನ್ನು ಸುರಿದುಕೊಂಡರು. ತಲೆಮಾರುಗಳಿಂದ ಹೊತ್ತುದನ್ನೇ ಅವರು ಊರಿನ ಕಣ್ಣೆದುರಿಗೆ ಹಿಡಿದರು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿಶಾಲೆಯೊಂದರಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂದಿತು. ಓದಲೆಂದು ಬಂದ ಮಕ್ಕಳಿಗೆ ಅಜ್ಜನ ಕಸಬನ್ನು ನೆನಪಿಸಲಾಯಿತು!

ಇದನ್ನು ಕಾಯಕವೆಂದು ಕರೆಯುವವರು ಆ ಪದಕ್ಕೆ ದ್ರೋಹವೆಸಗುತ್ತಾರೆ. ಕಾಯಕವು ಮನಃಪೂರ್ವಕವಾಗಿ ಕೈಕೊಂಡುದಾಗಿರಬೇಕು. ಬಿಡಲು ದಾರಿಯಿಲ್ಲದ ದುಡಿಮೆ ಸೆರೆ. ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮನು ಗಂಡನಿಂದ ಮರಳಿ ಸುರಿಸಿದ ಕಥೆಯನ್ನು ಎಲ್ಲರೂ ಬಲ್ಲರು. ಅಗತ್ಯಕ್ಕಿಂತ ಹೆಚ್ಚು ಕೊಂಡವನೇ ತಪ್ಪುಗಾರನಾದರೆ, ಸಲ್ಲತಕ್ಕದ್ದಕ್ಕಿಂತ ಕಡಿಮೆ ಕೊಟ್ಟವನ ಗತಿಯೇನು? ಗುತ್ತಿಗೆಯ ಹೆಸರಿನಲ್ಲಿ ತಿಂಗಳುಗಟ್ಟಲೆ ಕೂಲಿ ತಡೆಯುವುದು, ಕೈಚೀಲ, ಪಾದರಕ್ಷೆಗಳಿಲ್ಲದೆ ಚರಂಡಿಗೆ ಕಳಿಸುವುದು, ಕಚೇರಿಯ ಜವಾನನಿಗೆ ಬೇರೆ ಲೋಟವಿಡುವುದು, ಇವೆಲ್ಲವೂ ಆ ಲೆಕ್ಕದಲ್ಲಿ ಸೇರತಕ್ಕವು. ವಚನ ಹಾಡುವ ಮನೆಗಳ ಕಾಂಪೌಂಡಿನ ಗೋಡೆಯ ಮೇಲೆಯೂ ಅಂತಹ ಒಂದು ಲೋಟ ಮಗುಚಿರುವುದುಂಟು. ಅದನ್ನು ಒಳಗಿನ ಲೋಟಗಳೊಡನೆ ತೊಳೆದಿಡುವುದಕ್ಕೆ ಸರಕಾರದ ಅಪ್ಪಣೆ ಬೇಕಾಗಿಲ್ಲ.

ಜಾತ್ರೆಯ ದಿನ ಪಲ್ಲಕ್ಕಿ ಹೊರಡುವ ಬೀದಿಯನ್ನು ನಸುಕಿನಲ್ಲಿಯೇ ಪೌರಕಾರ್ಮಿಕರು ಗುಡಿಸಿರುತ್ತಾರೆ. ಉತ್ಸವ ಬರುವ ಹೊತ್ತಿಗೆ ಅವರು ಅಲ್ಲಿರುವುದಿಲ್ಲ. ಪಂಕ್ತಿ ಮುಗಿದ ಮೇಲೆ ಎಲೆ ಎತ್ತಲು ಮತ್ತೆ ಬರುತ್ತಾರೆ. ಅವರನ್ನು ಮೊದಲ ಪಂಕ್ತಿಗೇ ಕರೆದರೆ, ಮೈತೊಳೆದು ಬಂದರೆ ಅಡ್ಡಿಯಿಲ್ಲವೆಂದು ಯಾವನಾದರೊಬ್ಬ ಹಿರಿಯನು ಹೇಳಿಯಾನು. ಆಗ ಮಠದ ಬಚ್ಚಲಮನೆಯ ಬೀಗ ತೆಗೆದು, ಬಿಸಿನೀರು ಕಾಯಿಸಿಟ್ಟು, ಅವರ ಜೊತೆಗೆ ಆ ಹಿರಿಯನನ್ನೂ ಅದೇ ಸಾಲಿನಲ್ಲಿ ಕುಳ್ಳಿರಿಸಬಹುದು.