ಚಿಕ್ಕವಳು ತೋರಿಸಿದ ದಾರಿ

ಧ್ಯಾನಭಾಗ: 2 ಅರಸು 5:1-14



ಅರಾಮ್ಯರ ಸೇನಾಪತಿಯಾದ ನಾಮಾನನ ಮನೆಯಲ್ಲಿ ದಾಸಿಯಾಗಿದ್ದ ಇಸ್ರಾಯೇಲ್ ಹುಡುಗಿಯ ಹೆಸರನ್ನು ಸತ್ಯವೇದವು ತಿಳಿಸುವದಿಲ್ಲ. ಅವಳಿಗೆ ಹಣವಿರಲಿಲ್ಲ, ಅಧಿಕಾರವಿರಲಿಲ್ಲ. ಯಜಮಾನನ ಕುಷ್ಠವನ್ನು ವಾಸಿಮಾಡುವ ಶಕ್ತಿಯೂ ಇರಲಿಲ್ಲ. ಆದರೆ ವಾಸಿಯಾಗುವ ಸ್ಥಳವು ಎಲ್ಲಿದೆಯೆಂಬದನ್ನು ಬಲ್ಲವಳಾಗಿದ್ದಳು. ಬಲ್ಲದ್ದನ್ನು ಬಾಯಿಬಿಟ್ಟು ಹೇಳಿದಳು. ಆ ಚಿಕ್ಕವಳ ಮಾತನ್ನು ಕೇಳಿ ಆ ದೊಡ್ಡವನು ಪ್ರಯಾಣಮಾಡಿದನು.

ನಮ್ಮ ಸಭೆಗಳಲ್ಲಿಯೂ ಇಂಥದು ನಡೆಯುವದುಂಟು. ಶಾಲೆಯ ರಜೆಯು ಸಮೀಪಿಸುವಾಗ ಯೌವನಸ್ಥರ ಕೂಟದಲ್ಲಿ 16 ವರುಷದ ಹುಡುಗನೊಬ್ಬನಾಗಲಿ ಹುಡುಗಿಯೊಬ್ಬಳಾಗಲಿ ಎದ್ದು ನಿಂತು, "ಕಳೆದ ಬೇಸಿಗೆಯಲ್ಲಿ ನಾನು ಮುಂದಾಳುಗಳ ಶಿಕ್ಷಣಶಿಬಿರಕ್ಕೆ ಹೋಗಿದ್ದೆನು, ಈ ವರುಷ ನೀವೂ ಬನ್ನಿರಿ" ಎಂದು ಕರೆಯುವದುಂಟು. ಆಗ ಕೆಲವರು, "ಮೀಸೆ ಮೂಡದವರಿಗೆ ಮುಂದಾಳುತನವೋ?" ಎಂದು ನಗುತ್ತಾರೆ. ಕೆಲವರು ಬಸ್ಸಿನ ಖರ್ಚನ್ನು ಲೆಕ್ಕಹಾಕಿ ಸುಮ್ಮನಾಗುತ್ತಾರೆ. ಇಂಥ ಕರೆಯನ್ನು ಹೇಗೆ ಕೇಳಬೇಕು, ಕರೆಯುವವರು ಹೇಗೆ ಮಾತಾಡಬೇಕು ಎಂಬದನ್ನು ನಾವು ಈ ಹೊತ್ತು ಆಲೋಚಿಸೋಣ.

ಮೊದಲನೆಯದಾಗಿ, ಯೌವನಸ್ಥರನ್ನು ಯೌವನಸ್ಥರೇ ಚೆನ್ನಾಗಿ ಕರೆಯಬಲ್ಲರು. 1886ನೆಯ ಇಸವಿಯ ಜುಲೈ ತಿಂಗಳಲ್ಲಿ ಅಮೇರಿಕಾ ದೇಶದ ಮ್ಯಾಸಚೂಸೆಟ್ಸ್ ಸೀಮೆಯ ಮೌಂಟ್ ಹರ್ಮನ್ ಎಂಬ ಸ್ಥಳದಲ್ಲಿ, ಸುವಾರ್ತಿಕನಾದ ಮೂಡಿ ಎಂಬವರ ಶಾಲೆಯೊಳಗೆ, ಸುಮಾರು 250 ವಿದ್ಯಾರ್ಥಿಗಳು ಬೇಸಿಗೆಯ ಸತ್ಯವೇದ ಪಾಠಕ್ಕೆ ಕೂಡಿಬಂದರು. ಅವರಲ್ಲಿ ರಾಬರ್ಟ್ ವೈಲ್ಡರ್ ಎಂಬ ಯುವಕನಿದ್ದನು. ಅವನು ನಮ್ಮ ನೆರೆಯ ಕೊಲ್ಲಾಪುರದಲ್ಲಿ 1863ರಲ್ಲಿ ಮಿಶನರಿಯ ಮಗನಾಗಿ ಹುಟ್ಟಿದವನು. ಅವನೂ ಅವನ ಜೊತೆಗಾರರೂ ಪರದೇಶಗಳ ಸೇವೆಯ ಕುರಿತು ತಮ್ಮ ಗೆಳೆಯರೊಂದಿಗೆ ಮಾತಾಡಿದರು, ಕೂಡಿ ಪ್ರಾರ್ಥಿಸಿದರು. ಒಂದು ಸಾಯಂಕಾಲ ಹತ್ತು ಮಂದಿ ಎದ್ದು ಹತ್ತು ದೇಶಗಳ ಅವಶ್ಯಕತೆಯನ್ನು ಚಿಕ್ಕ ಚಿಕ್ಕ ಮಾತುಗಳಲ್ಲಿ ತಿಳಿಸಿದರು. ಆ ಬೇಸಿಗೆಯ ಪಾಠವು ಮುಗಿಯುವಷ್ಟರಲ್ಲಿ 100 ಮಂದಿ ತಮ್ಮನ್ನು ಆ ಸೇವೆಗೆ ಒಪ್ಪಿಸಿಕೊಂಡಿದ್ದರು. 21 ವರುಷದ ಜಾನ್ ಮಾಟ್ ಅವರಲ್ಲೊಬ್ಬನು. ಅವನೇ 60 ವರುಷಗಳ ಮೇಲೆ, 1946ರಲ್ಲಿ, ನೋಬೆಲ್ ಶಾಂತಿ ಬಹುಮಾನವನ್ನು ಹಂಚಿಕೊಂಡನು.

"ಅವರು ಕಾಲೇಜಿನವರು, ನಮ್ಮವರು ಇನ್ನೂ ಮಕ್ಕಳು" ಎನ್ನುವಿರೋ? ಎಮರಿ ವಿಶ್ವವಿದ್ಯಾಲಯಕ್ಕೆ ಸೇರಿದ ಕ್ಯಾಂಡ್ಲರ್ ದೇವಶಾಸ್ತ್ರ ಪಾಠಶಾಲೆಯವರು ಅಟ್ಲಾಂಟಾ ಪಟ್ಟಣದಲ್ಲಿ 1993ರಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿಯೇ ಬೇಸಿಗೆಯ ದೇವಶಾಸ್ತ್ರ ಶಿಕ್ಷಣವನ್ನು ಆರಂಭಿಸಿದರು. ದೊಡ್ಡ ಪ್ರಶ್ನೆಗಳನ್ನು ಕೇಳುವ ವಯಸ್ಸು ಅದೇ ಎಂಬದನ್ನು ಅವರು ಕಂಡರು. ಸಮುವೇಲನು ಕರ್ತನ ಸ್ವರವನ್ನು ಕೇಳಿದ್ದು ಬಾಲ್ಯದಲ್ಲಿಯೇ ಅಲ್ಲವೋ?

ಎರಡನೆಯದಾಗಿ, ಕರೆಯುವ ಮಕ್ಕಳಿಗೆ ಒಂದು ಮಾತು. ನಾಮಾನನ ಮನೆಯ ಹುಡುಗಿಯು ತನ್ನನ್ನು ಹೊಗಳಿಕೊಳ್ಳಲಿಲ್ಲ, ಪ್ರವಾದಿಯನ್ನು ತೋರಿಸಿದಳು. ನೀವೂ ಹಾಗೆಯೇ ಮಾಡಿರಿ. ಅಲ್ಲಿಯ ಊಟ, ಆಟ, ಹೊಸ ಗೆಳೆಯರು, ಇವುಗಳನ್ನು ಹೇಳಬಾರದೆಂದಲ್ಲ. ಆದರೆ ಮುಂಜಾನೆ ಏಳುವ ಕಷ್ಟವನ್ನೂ, ಪಾತ್ರೆ ತಿಕ್ಕುವ ಸರದಿಯನ್ನೂ, ನಿಮಗೆ ಉತ್ತರ ಹೊಳೆಯದ ಪ್ರಶ್ನೆಗಳನ್ನೂ ಮರೆಮಾಡಬೇಡಿರಿ. ಇದ್ದದ್ದನ್ನು ಇದ್ದ ಹಾಗೆ ಹೇಳುವದೇ ಸಾಕ್ಷಿ. ಇಲ್ಲದ್ದನ್ನು ಕೂಡಿಸಿದರೆ ಅದು ಸಂತೆಯ ಕೂಗಾಗುವದು.

ಮೂರನೆಯದಾಗಿ, ತಂದೆತಾಯಿಗಳೇ, ನಿಮ್ಮ ಹಿಂಜರಿತವು ಬರಿದಲ್ಲವೆಂದು ನಾವು ಬಲ್ಲೆವು. ಮಗನು ಹತ್ತು ದಿನ ಹೋದರೆ ಹತ್ತು ದಿನದ ಕೂಲಿ ನಿಲ್ಲುವದು. ದನಗಳಿಗೆ ನೀರು ಕಾಣಿಸುವವರು ಇರುವದಿಲ್ಲ. ಮಗಳನ್ನು ಕಳುಹಿಸುವ ತಾಯಿಗೆ ರಾತ್ರಿ ನಿದ್ರೆ ಬಾರದು. ಆದಕಾರಣ ವಿಚಾರಿಸಿರಿ: ಸಂಗಡ ಹೋಗುವವರು ಯಾರು? ಹುಡುಗಿಯರು ಮಲಗುವದೆಲ್ಲಿ? ಅವರನ್ನು ನೋಡಿಕೊಳ್ಳುವ ಅಮ್ಮನವರು ಯಾರು? ಕಾಯಿಲೆ ಬಂದರೆ ಸುದ್ದಿ ಮುಟ್ಟಿಸುವವರು ಯಾರು? ಹೀಗೆ ಕೇಳುವದು ಅಪನಂಬಿಕೆಯಲ್ಲ, ಹೆತ್ತವರ ಕರ್ತವ್ಯ. ಸರಿಯಾದ ಉತ್ತರ ಸಿಕ್ಕದಿದ್ದರೆ ಕಳುಹಿಸಬೇಡಿರಿ. ಸಿಕ್ಕಿದ ಮೇಲೆ ತಡೆಯಬೇಡಿರಿ. ಮಗನನ್ನು ಕಳುಹಿಸಿ, ಮಗಳನ್ನು ಮಾತ್ರ ಒಲೆಯ ಬಳಿ ನಿಲ್ಲಿಸಲೂ ಬೇಡಿರಿ. ದಾರಿ ತೋರಿಸಿದವಳು ಹುಡುಗಿಯೇ ಎಂಬದನ್ನು ಮರೆಯಬೇಡಿರಿ.

ಬಡವರ ಮಗುವಿನ ಭಾರವಾದರೋ ಒಂದು ಮನೆಯದಲ್ಲ, ಸಭೆಯದು. ಮನೆಮನೆಯ ಹಿಡಿ ಅಕ್ಕಿಯು ಒಂದು ತಿಂಗಳು ಈ ಕೆಲಸಕ್ಕೆ ಬರಲಿ. ನೆರೆಯವರು ಆ ಮನೆಯ ದನಗಳನ್ನು ಹತ್ತು ದಿನ ತಮ್ಮವುಗಳ ಸಂಗಡ ಹೊಡೆದುಕೊಂಡು ಹೋಗಲಿ. ಇದ್ದವರ ಮಕ್ಕಳು ಮಾತ್ರ ಹೋಗಿಬಂದರೆ, ನಾವು ಸಭೆಯೊಳಗೆ ಮುಂದಾಳುಗಳನ್ನಲ್ಲ, ಎರಡು ಜಾತಿಗಳನ್ನು ಮಾಡಿದವರಾಗುವೆವು.

ಕೊನೆಯದಾಗಿ, ಶಿಬಿರದ ಫಲವು ಊರಿನಲ್ಲಿಯೇ ಕಾಣಬೇಕು. ವೈಲ್ಡರನು ಮೌಂಟ್ ಹರ್ಮನಿನ ಸವಿಯನ್ನು ನೆನಸುತ್ತಾ ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ಜಾನ್ ಫೋರ್‌ಮನ್ ಎಂಬ ಸ್ನೇಹಿತನೊಡನೆ ಒಂದು ವರುಷ ಕಾಲೇಜಿನಿಂದ ಕಾಲೇಜಿಗೆ ಹೋಗಿ ಇತರರನ್ನು ಕರೆದನು. ನಮ್ಮ ಮಕ್ಕಳಿಂದ ಅಷ್ಟು ದೊಡ್ಡದನ್ನು ನಾವು ಕೇಳುವದಿಲ್ಲ. ತಿರಿಗಿ ಬಂದವನು ಆದಿತ್ಯವಾರ ಗುಡಿಯ ಕಸ ಗುಡಿಸುವನೋ? ಓದಲಾರದ ಅಜ್ಜಿಗೆ ಒಂದು ಅಧ್ಯಾಯವನ್ನು ಓದಿಹೇಳುವಳೋ? ಮುಂದಾಳುತನವೆಂಬದನ್ನು ನಮ್ಮ ಕರ್ತನು ನಡುವಿಗೆ ಪಂಚೆ ಸುತ್ತಿಕೊಂಡು, ಶಿಷ್ಯರ ಕಾಲು ತೊಳೆದು ಕಲಿಸಿದನು. ಪಾದಗಳ ಬಳಿ ಬೊಗ್ಗದವನು ಎಷ್ಟು ಶಿಬಿರಗಳನ್ನು ಕಂಡರೂ ಇನ್ನೂ ಕಲಿಯಲಿಲ್ಲ.

ಆದುದರಿಂದ, ಹಿರಿಯರೇ, ಈ ರಜೆಯ ಮುಂಚೆ ಒಂದು ಸಾಯಂಕಾಲ ನಿಮ್ಮ ಮಕ್ಕಳನ್ನು ಮಾತಾಡಗೊಟ್ಟು ನೀವು ಕುಳಿತು ಕೇಳಿರಿ. ಕೇಳುವ ಕಿವಿಯನ್ನೂ ಸೇವಿಸುವ ಕೈಯನ್ನೂ ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.