ಸೊನ್ನೆ ಮತ್ತು ಖಾಲಿ ಜಾಗ

ಮಳೆ ನಿಂತು ಬಿಸಿಲೇರುವ ಹೊತ್ತಿಗೆ ಕೆರೆಯಂಚಿನ ಜೊಂಡಿನ ಮೇಲೆ ಹಾರಾಡುವ ಏರೋಪ್ಲೇನ್ ಚಿಟ್ಟೆಗಳನ್ನು ಬಾಲ್ಯದಲ್ಲಿ ಕಾಣದವರು ವಿರಳ. ಅವುಗಳ ಬಾಲಕ್ಕೆ ದಾರ ಕಟ್ಟಿ ಹಾರಿಸಿದ ಪಾಪವೂ ನಮ್ಮಲ್ಲಿ ಹಲವರ ಲೆಕ್ಕದಲ್ಲಿರಬಹುದು. ಶಿಕ್ಷಕ ವೃತ್ತಿಯಿಂದ ನಿವೃತ್ತನಾದ ಮೇಲೆ ಅದೇ ಕೀಟಗಳನ್ನು ಎಣಿಸುವ ಸ್ವಯಂಸೇವೆಗೆ ಸೇರಿದೆ. ಆ ಪುಟ್ಟ ಕೆಲಸ ನನ್ನ ಪ್ರಾಮಾಣಿಕತೆಯನ್ನೇ ಪರೀಕ್ಷಿಸೀತೆಂದು ಆಗ ತಿಳಿದಿರಲಿಲ್ಲ.

ಹದಿನೈದು ದಿನಕ್ಕೊಮ್ಮೆ, ಗೊತ್ತುಪಡಿಸಿದ ಬೆಳಿಗ್ಗೆ, ಅದೇ ದಾರಿಯಲ್ಲಿ ಕೆರೆಯ ಸುತ್ತ ನಡೆಯಬೇಕು. ಕಂಡ ಪ್ರತಿಯೊಂದು ಜಾತಿಯ ಹೆಸರಿನ ಮುಂದೆ ಸಂಖ್ಯೆ ಬರೆಯಬೇಕು. ಕುಳಿತಾಗ ರೆಕ್ಕೆಗಳನ್ನು ಅಗಲವಾಗಿ ಚಾಚುವುದು ಡ್ರ್ಯಾಗನ್‌ಫ್ಲೈ. ಸಾಮಾನ್ಯವಾಗಿ ರೆಕ್ಕೆಗಳನ್ನು ಬೆನ್ನ ಮೇಲೆ ಜೋಡಿಸಿಕೊಳ್ಳುವ ತೆಳುಮೈಯದು ಡ್ಯಾಮ್ಸೆಲ್‌ಫ್ಲೈ. ಎರಡರ ಮರಿಹುಳುಗಳೂ ನೀರಿನಲ್ಲಿ ಬೆಳೆಯುತ್ತವೆ; ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ. ಆದುದರಿಂದ ನೀರಿನ ಆರೋಗ್ಯವನ್ನು ಇವುಗಳಿಂದ ಅರಿಯಬಹುದು. ಡಿಚ್ ಜ್ಯುವೆಲ್ ಎಂಬ ಕಿತ್ತಳೆ ಬಣ್ಣದ ಜಾತಿ ಮಲಿನ ನೀರಿನಲ್ಲಿಯೂ ಹೇರಳವಾಗಿ ಬದುಕುತ್ತದೆ. ಪಶ್ಚಿಮ ಘಟ್ಟಗಳಲ್ಲಿ ಹಸಿರು ರೆಕ್ಕೆ ಮಿಂಚಿಸುವ ಸ್ಟ್ರೀಮ್ ಗ್ಲೋರಿಗಾದರೋ ಹರಿಯುವ ತೊರೆಯೇ ಬೇಕು.

ಒಮ್ಮೆ ಬಂಧುಗಳ ಮದುವೆಗೆಂದು ಪರಊರಿಗೆ ಹೋದ ನಾನು ಎಣಿಕೆ ತಪ್ಪಿಸಿದೆ. ಆ ದಿನದ ಅಂಕಣ ಬರಿದಾಗಿ ಉಳಿಯಿತು. ಮೂವತ್ತು ವರ್ಷ ಹಾಜರಿ ಪುಸ್ತಕ ತುಂಬಿದ ಕೈಗೆ ಅದು ಸಹಿಸಲಿಲ್ಲ. ಹಿಂದಿನ ಸಲದ ಸಂಖ್ಯೆಗಳನ್ನೇ ತುಸು ಹೆಚ್ಚುಕಡಿಮೆ ಮಾಡಿ ತುಂಬಿದೆ. ಆಗ ಕಾಣದಿದ್ದ ಜಾತಿಗಳ ಮುಂದೆ ಸೊನ್ನೆ ಬರೆದೆ. ಇದರಿಂದ ಯಾರಿಗೆ ನಷ್ಟ? ಸಂಬಳವಿಲ್ಲದ ಕೆಲಸ, ಎಣಿಸುವುದು ಹುಳುಗಳನ್ನು ಎಂದು ಮನಸ್ಸು ವಾದಿಸಿತು.

ಕೆಲ ದಿನಗಳ ಬಳಿಕ ಲೆಕ್ಕಗಳನ್ನು ಒಟ್ಟುಗೂಡಿಸುವ ಯುವತಿ ದೂರವಾಣಿಯಲ್ಲಿ ವಿಚಾರಿಸಿದರು: “ಸರ್, ಆ ಬೆಳಿಗ್ಗೆ ನಿಮ್ಮ ಕಡೆ ಜೋರು ಮಳೆ ಎಂದು ಉಳಿದವರು ಬರೆದಿದ್ದಾರೆ. ಮಳೆಯಲ್ಲಿ ಇಷ್ಟೊಂದು ಹಾರುತ್ತಿದ್ದವೇ?” ನಾನು ನಿಜ ಒಪ್ಪಿಕೊಂಡೆ. ಅವರು ಗದರಿಸಲಿಲ್ಲ. “ಹೋಗದಿದ್ದರೆ ಖಾಲಿ ಬಿಡಿ ಸರ್. ಸೊನ್ನೆ ಎಂದರೆ ಹುಡುಕಿದೆ, ಕಾಣಲಿಲ್ಲ ಎಂದರ್ಥ. ಖಾಲಿ ಎಂದರೆ ನಾನು ನೋಡಲೇ ಇಲ್ಲ ಎಂದರ್ಥ” ಎಂದರು.

ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಸಾಗರ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ಅವರನ್ನು ಇಲ್ಲಿ ನೆನೆಯಬೇಕು. ಸಿಹಿನೀರು ತೀರಾ ವಿರಳವಾದ ಆ ದ್ವೀಪಗಳಿಗೆ ಅಕ್ಟೋಬರ್ ಸುಮಾರಿಗೆ ಅಸಂಖ್ಯ ಡ್ರ್ಯಾಗನ್‌ಫ್ಲೈಗಳು ಬಂದಿಳಿಯುವುದನ್ನು ಅವರು ವರ್ಷ ವರ್ಷವೂ ಗುರುತಿಸಿಟ್ಟರು. ಅವು ಭಾರತದಿಂದ ಹಿಂದೂ ಮಹಾಸಾಗರ ದಾಟಿ ಆಫ್ರಿಕಕ್ಕೆ ಸಾಗುತ್ತವೆಂಬ ವಿಚಾರವನ್ನು 2009ರಲ್ಲಿ ಪ್ರಕಟಿಸಿದರು. ನೋಡದ ದಿನಗಳನ್ನು ಊಹೆಯಿಂದ ತುಂಬಿದ್ದರೆ ಆ ಸತ್ಯದ ದಾರಿ ತೆರೆಯುತ್ತಿತ್ತೇ? 2021ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು, ತಾನು ಪರಿಶೀಲಿಸಿದ ಈ ಬಳಗದ 6,016 ಜಾತಿಗಳಲ್ಲಿ ಶೇಕಡಾ 16ರಷ್ಟು ಅಳಿವಿನ ಅಂಚಿನಲ್ಲಿವೆ ಎಂದು ತಿಳಿಸಿತು. ಸಾಯುತ್ತಿರುವ ಕೆರೆಯೊಂದನ್ನು ನನ್ನ ಸುಳ್ಳು ಸಂಖ್ಯೆ ಆರೋಗ್ಯವಂತವೆಂದು ತೋರಿಸಿದರೆ, ನಷ್ಟವಾಗುವುದು ಮಾತು ಬಾರದ ಆ ನೀರಿಗೆ ಮತ್ತು ಮುಂದೆ ಅದನ್ನು ಕುಡಿಯುವವರಿಗೆ.

ಸಂಬಳ ಪಡೆಯುವವನ ಸುಳ್ಳನ್ನು ಮೇಲಧಿಕಾರಿ ಹಿಡಿದಾನು. ಸ್ವಯಂಸೇವಕನಿಗೆ ಮೇಲಧಿಕಾರಿಯಾಗಿ ಇರುವುದು ಅವನ ಆತ್ಮಸಾಕ್ಷಿಯೊಂದೇ. ಮನಸ್ಸಾರೆ ಕೊಟ್ಟ ಸೇವೆ ಎಂಬ ಕಾರಣಕ್ಕೆ ಅದರ ಹೊಣೆ ಹಗುರವಾಗದು.

ಆ ಯುವತಿಯ ಮಾತು ನನ್ನನ್ನು ಕೆರೆಯಿಂದ ಮನೆಗೂ ಹಿಂಬಾಲಿಸಿತು. ಹಳ್ಳಿಯಲ್ಲಿ ಒಬ್ಬಳೇ ಇರುವ ಅಕ್ಕನ ಬಗ್ಗೆ ಯಾರಾದರೂ ಕೇಳಿದರೆ, “ಚೆನ್ನಾಗಿದ್ದಾಳೆ, ಯಾವ ತೊಂದರೆಯೂ ಇಲ್ಲ” ಎನ್ನುತ್ತಿದ್ದೆ. ಅವಳ ಮನೆಯ ಮೆಟ್ಟಿಲು ತುಳಿದು ವರ್ಷವೇ ಆಗಿತ್ತು. ನೆರೆಯವರ ಬಡತನದ ಬಗ್ಗೆ, ನಮ್ಮದೇ ಮಕ್ಕಳ ಮೌನದ ಬಗ್ಗೆ ನಾವು ಹೀಗೆ ಎಷ್ಟು ಸೊನ್ನೆಗಳನ್ನು ಬರೆದಿದ್ದೇವೆ! ತೊಂದರೆ ಇಲ್ಲ ಎಂದು ಹೇಳುವ ಹಕ್ಕು ಹೋಗಿ ನೋಡಿದವರದು. ನೋಡದವರು “ನನಗೆ ತಿಳಿಯದು” ಎನ್ನುವುದೇ ನ್ಯಾಯ. ಹಾಗೆ ಹೇಳಲು ನಾಚಿಕೆಯಾದರೆ, ಆ ನಾಚಿಕೆಯೇ ನಮ್ಮನ್ನು ಬಾಗಿಲಾಚೆ ಹೊರಡಿಸೀತು.

ತುಂಬಿದ ಸಂಖ್ಯೆಗಳನ್ನು ಅಳಿಸಿದೆ. ಆ ಅಂಕಣ ಈಗಲೂ ಖಾಲಿಯಿದೆ. ಮರುವಾರ ಅಕ್ಕನ ಮನೆಗೆ ಹೋದೆ. ಅವಳು ಎರಡು ತಿಂಗಳಿಂದ ಮಂಡಿನೋವಿನಿಂದ ಬಾವಿಯವರೆಗೂ ನಡೆಯಲಾರದೆ ಇದ್ದಳು.