ಬಿಡುವಿಗೊಂದು ನೆಪ

ಏನೂ ಕೆಲಸವಿಲ್ಲದ ಒಂದು ಇಡೀ ದಿನ ಸಿಕ್ಕಿದರೆ ಏನು ಮಾಡುತ್ತೀರಿ ಎಂದು ನಮ್ಮ ಬೊಮ್ಮನಹಳ್ಳಿಯ ಬೀದಿಯಲ್ಲಿ ನಾಲ್ಕಾರು ಹೆಂಗಸರನ್ನು ಕೇಳಿ ನೋಡಿದೆ. ಒಬ್ಬಾಕೆ ಅಟ್ಟದ ಮೇಲಿನ ಪಾತ್ರೆ ಇಳಿಸಿ ತೊಳೆಯುತ್ತೇನೆ ಎಂದರು. ಇನ್ನೊಬ್ಬಾಕೆ ರಗ್ಗುಗಳನ್ನೆಲ್ಲ ಒಗೆದು ಹಾಕಬೇಕು ಎಂದರು. ಮೂರನೆಯವರು ಸ್ವಲ್ಪ ಯೋಚಿಸಿ, ಸಾರಿನ ಪುಡಿ ಮುಗಿದಿದೆ ಎಂದರು. ಸುಮ್ಮನೆ ಕೂತಿರುತ್ತೇನೆ ಎಂದವರು ಒಬ್ಬರೂ ಇಲ್ಲ. ಗಂಡಸರನ್ನು ನಾನು ಕೇಳಲಿಲ್ಲ. ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ ಪ್ರಯೋಜನವೇನು?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಅಕ್ಕನಿಂದ. ಮಗನ ಜೊತೆ ಪರದೇಶದಲ್ಲಿರುವ ಅಕ್ಕ, ಭಾವ ಹೋದ ಚಳಿಗಾಲದಲ್ಲಿ ಮೂರು ವಾರದ ಹಡಗಿನ ಪ್ರವಾಸ ಮಾಡಿದರು. ಮುಂಬಯಿಯಲ್ಲಿ ಹತ್ತಿದರೆ ಗೋವಾ, ಮಂಗಳೂರು, ಕೊಚ್ಚಿ, ಕೊಲಂಬೊ ಮುಟ್ಟಿಕೊಂಡು ಪೂರ್ವಕ್ಕೆ ಹೋಗುವ ಹಡಗು. ಚಳಿಗಾಲದಲ್ಲಿ ಇಂಥ ಹಡಗುಗಳು ಪಣಂಬೂರಿನ ನವಮಂಗಳೂರು ಬಂದರಿಗೆ ಬರುವುದು ಈಗ ಹೊಸ ಸಂಗತಿಯೇನಲ್ಲ. ಬೆಳಿಗ್ಗೆ ಬಂದು ನಿಲ್ಲುತ್ತವೆ. ಪ್ರವಾಸಿಗಳು ಬಸ್ಸು ಹತ್ತಿ ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿಯ ದೇವಸ್ಥಾನ ನೋಡಿಕೊಂಡು ಸಂಜೆಗೆ ಹಡಗಿಗೆ ವಾಪಸು. ಹುಟ್ಟಿದ ನಾಡಿನಲ್ಲೇ ಅಕ್ಕ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಬಿಳಿಯರ ಸಾಲಿನಲ್ಲಿ ನಡೆದಳಂತೆ. ಅವಳ ಗುಂಪನ್ನು ಒಂದು ಗೋಡಂಬಿ ಕಾರ್ಖಾನೆಗೂ ಕರೆದೊಯ್ದರು. ಗೋಡಂಬಿ ಸಿಪ್ಪೆಯ ಎಣ್ಣೆ ಚರ್ಮ ಸುಡುವಂಥದು. ಬೀಜ ಒಡೆಯುವ ಹೆಂಗಸರು ಕೈಗೆ ಎಣ್ಣೆಯನ್ನೋ ಬೂದಿಯನ್ನೋ ಹಚ್ಚಿಕೊಂಡು ಕೂರುವುದು ಹಳೆಯ ರೂಢಿ. ಪ್ರವಾಸಿಗಳು ನಿಂತು ನೋಡಿದರು, ಹೆಂಗಸರು ತಲೆಯೆತ್ತಿ ಇವರನ್ನು ನೋಡಿದರು, ಮತ್ತೆ ತಲೆ ತಗ್ಗಿಸಿದರು. ರಜೆಯ ಮೇಲಿರುವವರಿಗೆ ತೋರಿಸಲು ಕೆಲಸ ಮಾಡುವವರನ್ನೇ ಆರಿಸಿದ್ದು ನನಗೇನೋ ವಿಚಿತ್ರವೆನಿಸಿತು. ಅಕ್ಕನಿಗೆ ಅನ್ನಿಸಲಿಲ್ಲ. ಬಸದಿಗಿಂತ ಅದನ್ನೇ ಚೆನ್ನಾಗಿ ನೆನಪಿಟ್ಟುಕೊಂಡಿದ್ದಾಳೆ.

ಕೊಲಂಬೊ ಬಿಟ್ಟ ಮೇಲೆ ಬಂಗಾಳ ಕೊಲ್ಲಿಯನ್ನು ದಾಟುವಾಗ ದಡ ಕಾಣದ ದಿನಗಳು. ಊರಿಲ್ಲ, ಬಸ್ಸಿಲ್ಲ, ಇಷ್ಟು ಹೊತ್ತಿಗೆ ಎಲ್ಲೋ ಸೇರಬೇಕೆಂಬುದಿಲ್ಲ. ಅಂಥ ದಿನದಲ್ಲಿ ಅಕ್ಕ ಬೆಳಿಗ್ಗೆ ಏಳು ಗಂಟೆಗೆ ಎದ್ದು, ಕುಕ್ಕರಿನ ಸೀಟಿ ಕೇಳದೆ, ಯಾರೋ ಕಾಸಿದ ಕಾಫಿ ಕುಡಿದು, ಮೇಲಿನ ಅಂತಸ್ತಿನ ಆರಾಮ ಕುರ್ಚಿಯಲ್ಲಿ ಕೂತಳು. ಎದುರಿಗೆ ನೀಲಿ. ಅದರಾಚೆ ಮತ್ತೂ ನೀಲಿ. ಒಂದೆರಡು ಸಲ ಹಾರುವ ಮೀನು. ಭಾವ ಪೇಪರಿಲ್ಲದ ಬೇಸರಕ್ಕೆ ನಿದ್ದೆ ಹೋದರು. ಹತ್ತೂವರೆಗೆ ಅಕ್ಕನ ಕೈ ಚಡಪಡಿಸಲು ಶುರುವಾಯಿತಂತೆ. ಎದ್ದು ಕೋಣೆಗೆ ಹೋಗಿ ಹಾಸಿಗೆ ಸರಿ ಮಾಡಿ, ಹೊದಿಕೆ ಮಡಿಸಿ, ಟವೆಲ್ಲನ್ನು ಹಿಂಡಿ ಒಣಹಾಕಿ ಬಂದಳು.

ಕೋಣೆ ನೋಡಿಕೊಳ್ಳುವ ಹುಡುಗ ಉಡುಪಿ ಕಡೆಯವನು, ಅಕ್ಕನ ಕನ್ನಡ ಕೇಳಿ ಹಿಗ್ಗಿದವನು. ಮಧ್ಯಾಹ್ನ ಮೆಲ್ಲಗೆ ಹೇಳಿದ: “ಅಮ್ಮಾ, ನೀವು ಹಾಸಿಗೆ ಹಾಸಬೇಡಿ. ನಮಗೆ ಅದನ್ನು ಹಾಸಲು ಒಂದು ಕ್ರಮ ಉಂಟು. ನೀವು ಹಾಸಿದ್ದನ್ನು ಬಿಚ್ಚಿ ನಾನು ಪುನಃ ಹಾಸಬೇಕಾಗ್ತದೆ. ಎರಡು ಕೆಲಸ.”

ಈ ಮಾತನ್ನು ನಾನು ಬಹಳ ದಿನ ಮೆಲುಕು ಹಾಕಿದ್ದೇನೆ. ಅಕ್ಕ ಮಾಡಿದ್ದು ಯಾರಿಗಾಗಿ? ಹುಡುಗನ ಮೇಲಿನ ಕರುಣೆಯಿಂದ ಎಂದು ಅವಳು ಹೇಳುತ್ತಾಳೆ. ಆದರೆ ಅದರಿಂದ ಹಗುರವಾದದ್ದು ಅವಳ ಮನಸ್ಸು, ಅವನ ಕೆಲಸವಲ್ಲ. ನಮ್ಮಂಥ ಹೆಂಗಸರಿಗೆ ಇನ್ನೊಬ್ಬರಿಂದ ಸೇವೆ ಮಾಡಿಸಿಕೊಳ್ಳುವುದು ಪಾಪವೆಂಬ ಅಳುಕು ಒಳಗೇ ಇರುತ್ತದೆ. ಆ ಅಳುಕನ್ನು ಕಳೆದುಕೊಳ್ಳಲು ನಾಲ್ಕು ಬಟ್ಟೆ ಮಡಿಸುತ್ತೇವೆ. ಕೂತು ತಿನ್ನುವುದಕ್ಕೆ ಮೊದಲು ಬಿಲ್ಲು ಕೊಟ್ಟ ಹಾಗೆ. ಭಾವನಿಗೆ ಈ ಬಿಲ್ಲು ಯಾರೂ ತಂದುಕೊಡಲಿಲ್ಲ ಎಂಬುದನ್ನು ಗಮನಿಸಬೇಕು.

ಬಿಡುವನ್ನು ಗಳಿಸಿಕೊಳ್ಳಬೇಕೆ, ಅಥವಾ ಅದು ಹೊಟ್ಟೆಗೆ ಅನ್ನದ ಹಾಗೆ ಇದ್ದೇ ಇರಬೇಕಾದದ್ದೆ? ನಮ್ಮ ಹಿರಿಯರ ಮನೆಗಳಲ್ಲಿ ಹೆಂಗಸಿಗೆ ಬಿಡುವು ಇರಲಿಲ್ಲವೆಂದಲ್ಲ, ಇತ್ತು. ಆದರೆ ಯಾವಾಗಲೂ ಬೇರೆ ಹೆಸರಿನಲ್ಲಿ. ತಿಂಗಳಿಗೆ ಮೂರು ದಿನ ‘ಹೊರಗೆ’ ಕೂತಾಗ, ಬಾಣಂತಿಯಾಗಿ ತವರಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದಾಗ, ಜ್ವರ ಬಂದಾಗ. ಮೈಲಿಗೆ, ಹೆರಿಗೆ, ರೋಗ ಈ ಮೂರು ಬಾಗಿಲಿನಿಂದಲೇ ವಿಶ್ರಾಂತಿ ಒಳಗೆ ಬರಬೇಕಿತ್ತು. ನಮ್ಮಜ್ಜಿ ಆ ಮೂರು ದಿನವನ್ನು ಬೈಯುತ್ತಲೂ ಇದ್ದರು, ಕಾಯುತ್ತಲೂ ಇದ್ದರು. ಆ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು, ಅದರಲ್ಲಿದ್ದ ಅವಮಾನ ಸಣ್ಣದಲ್ಲ. ಆದರೆ ಅವಮಾನದ ಜೊತೆ ಆ ಮೂರು ದಿನವೂ ಹೋಯಿತು, ಅದರ ಜಾಗಕ್ಕೆ ಮರ್ಯಾದೆಯ ಮೂರು ದಿನವನ್ನು ಯಾರೂ ತಂದಿಡಲಿಲ್ಲ. ಹಬ್ಬದ ರಜೆಯನ್ನಂತೂ ನಾವು ಲೆಕ್ಕಕ್ಕೇ ಹಿಡಿಯುವಂತಿಲ್ಲ. ಹೋಳಿಗೆಗೆ ಹೂರಣ ರುಬ್ಬುವವರಿಗೆ ಯುಗಾದಿ ರಜಾದಿನವೆ?

ಕಾಯಕದ ನಾಡು ನಮ್ಮದು, ಸೋಮಾರಿತನ ಹೇಳುವ ಪ್ರಬಂಧವೇ ಇದು ಎಂದು ಕೆಲವರು ಹುಬ್ಬೇರಿಸಬಹುದು. ಕಾಯಕವೆಂದರೆ ಎಡೆಬಿಡದ ದುಡಿತವೆಂದು ಯಾರು ಹೇಳಿದರೋ ತಿಳಿಯದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಮನೆಯೊಳಗೆ ಸೇರಿಸಲಿಲ್ಲ, ಹೋಗಿ ಸುರಿದು ಬನ್ನಿ ಎಂದರು ಎಂಬ ಕಥೆ ನಮಗೆಲ್ಲ ಗೊತ್ತು. ಆಸೆಯ ವಿರುದ್ಧದ ಕಥೆ ಎಂದೇ ಅದನ್ನು ಓದುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಮಾತು ಕೇಳುತ್ತದೆ: ಇವತ್ತಿಗೆ ಸಾಕು ಎನ್ನುವುದು. ಆ ಮಾತನ್ನು ಆಡಿದವರು ಹೆಂಗಸು ಎಂಬುದು ನನಗೆ ಸಂತೋಷದ ವಿಷಯ.

ಸಾಕು ಎನ್ನಲು ಆಗದವರ ಊರು ಬೊಮ್ಮನಹಳ್ಳಿ. ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಹೊಸೂರು ರಸ್ತೆಯ ಎರಡೂ ಕಡೆ ಊಟದ ಬ್ಯಾಗು ಹಿಡಿದ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಹೊಳೆ ಹರಿಯುತ್ತದೆ. ನಮ್ಮ ಪಕ್ಕದ ವಠಾರದಲ್ಲಿ ಅಂಥವಳೊಬ್ಬಳಿದ್ದಾಳೆ, ಮದ್ದೂರು ಕಡೆಯವಳು. ಷರ್ಟಿನ ಕಾಲರು ಹೊಲಿಯುವುದು ಅವಳ ಪಾಲಿನ ಕೆಲಸ. ಗಂಟೆಗೆ ಇಷ್ಟು ಎಂದು ಲೆಕ್ಕ. ನೀರು ಕುಡಿದರೆ ಬಾತ್‌ರೂಮಿಗೆ ಏಳಬೇಕಾಗುತ್ತದೆಂದು ನೀರನ್ನೇ ಕಡಿಮೆ ಕುಡಿಯುತ್ತಾಳೆ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಗಲಾಟೆಯಾಯಿತಲ್ಲ, ಅದು ಹೊತ್ತಿಕೊಂಡಿದ್ದು ಇಲ್ಲೇ. ಮಾಲೀಕರು ಕಟ್ಟಿದ ಪಾಲಿನ ಹಣವನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲವೆಂದು ಆ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಸಾವಿರಾರು ಹೆಂಗಸರು ಮಿಷನ್ ಬಿಟ್ಟು ರಸ್ತೆಗೆ ಬಂದರು. ಎರಡನೇ ದಿನ ಬಸ್ಸುಗಳು ಸುಟ್ಟವು, ಅಶ್ರುವಾಯು ಸಿಡಿಯಿತು; ಏಪ್ರಿಲ್ 19ರಂದು ಸರ್ಕಾರ ನಿಯಮವನ್ನು ವಾಪಸು ತೆಗೆದುಕೊಂಡಿತು. ಅಷ್ಟು ಸಣ್ಣ ದುಡ್ಡಿಗೆ ಇಷ್ಟು ರೋಷವೇಕೆ ಎಂದು ಆಗ ಕೇಳಿದವರಿದ್ದರು. ಆ ದುಡ್ಡಿನಿಂದ ಸಾಲ ತೀರುತ್ತದೆ, ಮಗಳ ಮದುವೆಯಾಗುತ್ತದೆ, ನಿಜ. ಅದರ ಜೊತೆಗೆ, ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ಊರಿಗೆ ಹೋಗಿ ಒಂದೆರಡು ತಿಂಗಳು ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಅವರಿಗಿರುವ ದಾರಿಯೂ ಅದೊಂದೇ. ದುಡ್ಡಿನ ರೂಪದಲ್ಲಿ ಕೂಡಿಟ್ಟ ಬಿಡುವು ಅದು. ಬಿಡುವನ್ನು 58ನೇ ವಯಸ್ಸಿಗೆ ಕೊಡುತ್ತೇವೆ ಎಂದರೆ ಯಾರಿಗಾದರೂ ಕೋಪ ಬಾರದೆ ಇರುತ್ತದೆಯೆ?

ಅಕ್ಕನ ಹಡಗಿನ ಕಥೆಯನ್ನು ಈಕೆಗೆ ಹೇಳಿದೆ. ಊಟದ ಬಗೆಗಳಿಗೆ ಬೆರಗಾಗಲಿಲ್ಲ, ಈಜುಕೊಳಕ್ಕೂ ಇಲ್ಲ. ಅವಳು ಕೇಳಿದ ಮೊದಲ ಪ್ರಶ್ನೆ, “ಆ ಹುಡುಗುಂಗೆ ವಾರದ ರಜ ಯಾವಾಗಕ್ಕಾ?”

ಅಕ್ಕನಿಗೆ ಹೊಳೆಯದ ಪ್ರಶ್ನೆ! ವಿಚಾರಿಸಿದಾಗ ತಿಳಿಯಿತು: ಎಂಟೊಂಬತ್ತು ತಿಂಗಳ ಕರಾರು, ಆ ಕರಾರು ಮುಗಿಯುವವರೆಗೆ ಇಡೀ ದಿನದ ರಜೆಯೆಂಬುದು ಅವನಿಗಿಲ್ಲ, ಬಿಡುವಿನ ಗಂಟೆಗಳು ಮಾತ್ರ. ನಾವಿಕರ ಕೆಲಸದ ಬಗ್ಗೆ 2006ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ. 2013ರಲ್ಲಿ ಜಾರಿಗೆ ಬಂತು, ಭಾರತ 2015ರಲ್ಲಿ ಒಪ್ಪಿತು. ಅದರಲ್ಲಿ ವಿಶ್ರಾಂತಿಯ ಲೆಕ್ಕವೆಂದರೆ 24 ಗಂಟೆಯಲ್ಲಿ ಕನಿಷ್ಠ 10, ವಾರದಲ್ಲಿ ಕನಿಷ್ಠ 77 ಗಂಟೆ. ಅಂದರೆ 91 ಗಂಟೆಯವರೆಗೆ ದುಡಿಸಲು ಎಡೆಯಿದೆ. ಕಾರ್ಖಾನೆಯವರಿಗೆ ಕಾಯಿದೆ ಹೇಳಿದ್ದು 48. ಹಡಗು ಪೂರ್ವಕ್ಕೆ ಹೋಗುವಾಗ ರಾತ್ರಿ ಗಡಿಯಾರವನ್ನು ಮುಂದಕ್ಕೆ ತಿರುಗಿಸುತ್ತಾರೆ. ಪ್ರವಾಸಿಗಳು ಬೆಳಿಗ್ಗೆ ತಡವಾಗಿ ಎದ್ದು ಅದನ್ನು ಸರಿಮಾಡಿಕೊಳ್ಳುತ್ತಾರೆ. ಆ ಹುಡುಗನ ನಿದ್ದೆಯಲ್ಲಿ ಮಾತ್ರ ಒಂದು ಗಂಟೆ ಹೋಯಿತೆಂದರೆ ಹೋಯಿತು.

ಹಾಗಿದ್ದರೆ ಅಕ್ಕ ಹಡಗು ಹತ್ತಬಾರದಿತ್ತೆ? ನನಗೆ ಹಾಗನ್ನಿಸುವುದಿಲ್ಲ. ಅವಳು ಮನೆಯಲ್ಲೇ ಉಳಿದಿದ್ದರೆ ಆ ಹುಡುಗನಿಗೆ ಸಿಗುತ್ತಿದ್ದುದು ರಜೆಯಲ್ಲ, ನಿರುದ್ಯೋಗ. ಒಬ್ಬರು ಕೂತಾಗ ಇನ್ನೊಬ್ಬರು ನಿಂತಿರುವುದು ಅನ್ಯಾಯವೇನಲ್ಲ. ಊಟಕ್ಕೆ ಬಡಿಸುವವರು ಬೇಕೇ ಬೇಕಲ್ಲ. ಬಡಿಸಿದವರಿಗೆ ಆಮೇಲೆ ಎಲೆ ಹಾಕುತ್ತಾರೋ ಇಲ್ಲವೋ, ಪ್ರಶ್ನೆ ಅದು. ನಲವತ್ತು ವರ್ಷ ಬಡಿಸಿದ ಅಕ್ಕನಿಗೆ ಅವಳ ಎಲೆ ಬಿತ್ತು, ಅವಳು ಹಾಯಾಗಿ ಉಣ್ಣಬೇಕಿತ್ತು. ಹಾಸಿಗೆ ಮಡಿಸುವ ಬದಲು, ನಿನಗೆ ರಜೆ ಯಾವಾಗ ಎಂದು ಕೇಳಿದ್ದರೆ ಸಾಕಿತ್ತು.

ಎಲೆ ಹಾಕಿಸಿಕೊಳ್ಳಲು ಕೂಡ ಹೋರಾಡಬೇಕಾಯಿತು ಎಂಬುದನ್ನು ನಾವು ಮರೆತಿದ್ದೇವೆ. ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರನ್ನು ಕೂಡಿಸಿ ವಾರಕ್ಕೊಂದು ರಜೆ ಕೇಳಿದರು; ಗಿರಣಿ ಮಾಲೀಕರು ಒಪ್ಪಿದ್ದು 1890ರ ಜೂನ್ 10ರಂದು. ಆ ಭಾನುವಾರ ಗಿರಣಿಯ ಬಾಗಿಲಿನವರೆಗೆ ಬಂತು, ಅಡಿಗೆಮನೆಯ ಹೊಸ್ತಿಲು ದಾಟಲಿಲ್ಲ. 2019ರ ಸರ್ಕಾರಿ ಸಮೀಕ್ಷೆ ಸಂಬಳವಿಲ್ಲದ ಮನೆಗೆಲಸಕ್ಕೆ ಹೋಗುವ ಹೊತ್ತನ್ನು ಅಳೆದಾಗ, ಆ ಕೆಲಸ ಮಾಡುವ ಹೆಂಗಸರಿಗೆ ದಿನಕ್ಕೆ ಸರಾಸರಿ 299 ನಿಮಿಷ ಬಂತು, ಗಂಡಸರಿಗೆ 97. ನಡುಗಡಲಲ್ಲಿ ದುಡಿಯುವವನ ವಿಶ್ರಾಂತಿಗೆ ಜಗತ್ತು ಒಂದು ಅಂಕಿಯನ್ನಾದರೂ ಬರೆದಿಟ್ಟಿದೆ. ಹೊಸ್ತಿಲೊಳಗೆ ಅದೂ ಇಲ್ಲ. ಪಕ್ಕದ ವಠಾರದವಳ ಭಾನುವಾರ ಬೆಳಗಿನ ಐದಕ್ಕೆ ನಲ್ಲಿಯ ಬಳಿ ಶುರುವಾಗಿ, ವಾರದ ಬಟ್ಟೆ ಒಣಗುವಷ್ಟರಲ್ಲಿ ಮುಗಿಯುತ್ತದೆ.

ಹೋದ ವರ್ಷ, ಅಂದರೆ 2025ರ ಆಗಸ್ಟ್‌ನಲ್ಲಿ ನಮ್ಮ ರಸ್ತೆಯ ಮೇಲೆ ಹಳದಿ ಮೆಟ್ರೊ ಓಡಲು ಶುರುವಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಅವಳು ಒಬ್ಬಳೇ ಬೊಮ್ಮನಹಳ್ಳಿ ನಿಲ್ದಾಣದ ಮೆಟ್ಟಿಲು ಹತ್ತುತ್ತಿದ್ದುದನ್ನು ಕಂಡೆ. ಇಸ್ತ್ರಿ ಮಾಡಿದ ಸೀರೆ, ಮುಡಿಯಲ್ಲಿ ಕನಕಾಂಬರ. ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿ ಲಾಲ್‌ಬಾಗಿಗೆ ಹೋಗುತ್ತಾಳಂತೆ. ಯಾರ ಜೊತೆ ಎಂದೆ. ಯಾರೂ ಇಲ್ಲ, ಸುಮ್ಮನೆ ಮರದ ಕೆಳಗೆ ಒಂದು ಗಂಟೆ ಕೂತು ಬರುತ್ತೇನೆ ಎಂದಳು. ಮೆಟ್ಟಿಲ ಮೇಲಿಂದ ತಿರುಗಿ, ದನಿ ತಗ್ಗಿಸಿ ಸೇರಿಸಿದಳು: “ಅತ್ತೆ ಕೇಳುದ್ರೆ ಕಣ್ಣಾಸ್ಪತ್ರೆಗೆ ಹೋದ್ಲು ಅನ್ನಿ ಅಕ್ಕಾ.”